ಉಪನ್ಯಾಸದ ಟಿಪ್ಪಣಿಗೆ ಆನ್‌ಲೈನ್ ಸಾರಾಂಶ ಸಾಕೇ?

ಪ್ರಶ್ನೆ: ನಾನು ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ. ದಿನವೂ ಗದಗದಿಂದ ಹುಬ್ಬಳ್ಳಿಯ ಕಾಲೇಜಿಗೆ ರೈಲಿನಲ್ಲಿ ಹೋಗಿಬರುತ್ತೇನೆ. ಇತಿಹಾಸದ ಟಿಪ್ಪಣಿಗಳೇ ಮೂರು ನೋಟ್‌ಬುಕ್ ತುಂಬಿವೆ. ಗೆಳತಿಯರು ಪುಟಗಳ ಫೋಟೊ ತೆಗೆದು, ಚಾಟ್‌ಜಿಪಿಟಿಯಿಂದ ಸಾರಾಂಶ ಮಾಡಿಸಿಕೊಂಡು ಅದನ್ನಷ್ಟೇ ಓದುತ್ತಾರೆ. ನಾನೂ ಹಾಗೆ ಮಾಡಬಹುದೇ?
– ಓದುಗರೊಬ್ಬರು, ಗದಗ

ಉತ್ತರ: ಇಂಥ ಉಪಕರಣವನ್ನು ಧಾರಾಳವಾಗಿ ಬಳಸಿ, ಆದರೆ ನಿಮ್ಮ ಗೆಳತಿಯರ ಕ್ರಮದಲ್ಲಿ ಬೇಡ. ಸಾರಾಂಶವನ್ನು ಮೊದಲು ನೀವೇ ಬರೆಯಿರಿ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತೂಗಿನೋಡುವ ಶ್ರಮದಲ್ಲಿಯೇ ಪಾಠ ಅರ್ಥವಾಗುತ್ತದೆ. ಅದನ್ನು ಯಂತ್ರಕ್ಕೆ ಒಪ್ಪಿಸಿದರೆ ನಿಮಗೆ ಉಳಿಯುವುದು ಬರೀ ಕಂಠಪಾಠ.

ಕರ್ನಾಟಕ ಏಕೀಕರಣದ ಅಧ್ಯಾಯವನ್ನೇ ನೋಡಿ. ‘1956ರ ನವೆಂಬರ್ 1ರಂದು ಕರ್ನಾಟಕ ರಾಜ್ಯ ಉದಯವಾಯಿತು’ ಎಂಬ ಒಂದು ಸಾಲಿನ ಸಾರಾಂಶ ಸರಿಯೆಂದೇ ತೋರುತ್ತದೆ. ಆದರೆ ಅಂದು ರೂಪುಗೊಂಡ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ನಿಮ್ಮ ಗದಗವೂ ಧಾರವಾಡವೂ ಮುಂಬಯಿ ಆಡಳಿತದಲ್ಲಿದ್ದುದು, ಧಾರವಾಡದಲ್ಲಿ 1890ರಷ್ಟು ಹಿಂದೆಯೇ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು, 1953ರಲ್ಲಿ ರಾಜ್ಯಗಳ ಪುನರ್ವಿಂಗಡಣೆಗೆಂದು ಫಜಲ್ ಅಲಿ ಆಯೋಗ ನೇಮಕವಾದದ್ದು ಇವೆಲ್ಲ ಆ ಒಂದು ಸಾಲಿನಲ್ಲಿ ಕರಗಿಹೋಗುತ್ತವೆ. ದೀರ್ಘ ಉತ್ತರದ ಪ್ರಶ್ನೆ ಬಂದಾಗ ಬರೆಯಬೇಕಾಗುವುದು ಇವನ್ನೇ.

ಕೈಬರಹದ ಫೋಟೊ ಹಾಕುವಾಗ ಇನ್ನೊಂದು ಎಚ್ಚರ ಅಗತ್ಯ. ಒತ್ತಕ್ಷರಗಳೂ ಇಸವಿಗಳೂ ತಪ್ಪಾಗಿ ಓದಲ್ಪಡುವುದುಂಟು. ಕನ್ನಡ ಅಂಕಿಗಳಲ್ಲಿ ಬರೆಯುವವರಾದರೆ ೬ ಮತ್ತು ೭ ಅದಲುಬದಲಾಗುವುದು ಸುಲಭ. ಅಕ್ಷರರೂಪಕ್ಕೆ ಬಂದ ಪಠ್ಯವನ್ನು ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಒಮ್ಮೆ ತಾಳೆ ನೋಡದೆ ಮುಂದುವರಿಯಬೇಡಿ.

ನಿಮ್ಮ ಸಾರಾಂಶ ಸಿದ್ಧವಾದ ಮೇಲೆ ಮೂಲ ಟಿಪ್ಪಣಿಯನ್ನೂ ಅದನ್ನೂ ಒಟ್ಟಿಗೆ ಕೊಟ್ಟು, ‘ನಾನು ಬಿಟ್ಟಿರುವ ಅಂಶಗಳು ಯಾವುವು?’ ಎಂದು ಕೇಳಿ. ಗೂಗಲ್‌ನ ನೋಟ್‌ಬುಕ್‌ಎಲ್‌ಎಂ ಎಂಬ ಉಪಕರಣ ನೀವು ಹಾಕಿದ ಪಠ್ಯವನ್ನೇ ಆಧರಿಸಿ ಉತ್ತರಿಸುತ್ತದೆ, ಉತ್ತರದ ಪಕ್ಕದ ಸಂಖ್ಯೆಯನ್ನು ಒತ್ತಿದರೆ ಮೂಲದ ಸಾಲನ್ನೂ ತೋರಿಸುತ್ತದೆ. ಈ ಕೆಲಸಕ್ಕೆ ನನಗೆ ಅದೇ ಹೆಚ್ಚು ಒಪ್ಪಿಗೆ. ಆದರೂ ಆ ಸಾಲನ್ನು ತೆರೆದು ಓದುವುದನ್ನು ತಪ್ಪಿಸಬೇಡಿ.

ಆಮೇಲೆ ಅದೇ ಟಿಪ್ಪಣಿಯಿಂದ ಹತ್ತು ಪ್ರಶ್ನೆಗಳನ್ನು ಮಾಡಿಸಿಕೊಳ್ಳಿ, ಆದರೆ ಉತ್ತರಗಳನ್ನು ಕೇಳಬೇಡಿ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿದ್ದನ್ನೇ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು; ಒಂದು ವಾರದ ನಂತರ ಮುಂದಿದ್ದವರು, ಪಠ್ಯವನ್ನು ಬದಿಗಿಟ್ಟು ನೆನಪಿನಿಂದ ಬರೆದವರು. ನಿಮ್ಮ ಪರೀಕ್ಷೆ ಐದು ನಿಮಿಷದ ನಂತರ ಬರುವುದಲ್ಲವಾದ್ದರಿಂದ, ಬೆಳಗಿನ ರೈಲಿನಲ್ಲಿ ನೋಟ್‌ಬುಕ್ ಚೀಲದಲ್ಲಿಯೇ ಇರಲಿ. ಅಣ್ಣಿಗೇರಿ ದಾಟುವಷ್ಟರಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಹಾಳೆಯ ಮೇಲೆ ಬರೆದು ನೋಡಿ. ಬಾರದೆ ನಿಂತ ಪ್ರಶ್ನೆಗೆ ಗುರುತು ಹಾಕಿ, ಸಂಜೆ ಮರಳುವಾಗ ಆ ಪುಟವನ್ನಷ್ಟೇ ತೆರೆಯಿರಿ.