ಕ್ಲಾಸಲ್ಲಿ ಮಕ್ಕಳು ಮಾತೇ ಕೇಳ್ತಿಲ್ಲ, ವಾಪಸ್ ಬಂದ್ಬಿಡ್ಲಾ?

ಪ್ರಶ್ನೆ: ಮೇಡಂ ನಮಸ್ತೆ. ನಂದು ದಾವಣಗೆರೆ, ಮನೆ ವಿದ್ಯಾನಗರದಲ್ಲಿ. ಬಿಎಡ್ ಮುಗ್ಸಿ ಎರಡು ವರ್ಷ ಊರಲ್ಲೇ ಪಾಠ ಮಾಡಿ, ಈ ಮೇ ತಿಂಗಳಲ್ಲಿ ಇಂಗ್ಲಿಷ್ ಟೀಚರ್ ಆಗಿ ಥಾಯ್ಲೆಂಡಿಗೆ ಬಂದೆ. ನಂಗೆ ಕೊಟ್ಟಿರೋದು ಮತ್ತಯೋಮ್ 2, ಅಂದ್ರೆ ನಮ್ಮ ಎಂಟನೇ ಕ್ಲಾಸು, ಒಂದೊಂದು ರೂಮಲ್ಲಿ 45 ಮಕ್ಕಳು. ನಾನು ಬೋರ್ಡ್ ಕಡೆ ತಿರುಗಿದ್ರೆ ಸಾಕು, ಸಂತೆ. ಹಿಂದಿನ ಸಾಲಿನವ್ರು ಮೊಬೈಲು, ಹುಡುಗೀರು ಒಬ್ಬರಿಗೊಬ್ರು ಜಡೆ ಹಾಕ್ಕೊಂಡು ಕೂತಿರ್ತಾರೆ, ಇಬ್ರು ಮೂವರು ದಿನಾ ನಿದ್ದೆ. ಬೈದ್ರೆ ನಗ್ತಾರೆ, ಫೇಲ್ ಮಾಡ್ತೀನಿ ಅಂದ್ರೂ ನಗ್ತಾರೆ. ಊರಲ್ಲಿ ಒಂದ್ಸಲ ಗದರಿಸಿದ್ರೆ ಗಪ್‌ಚುಪ್ ಆಗೋರು. ಕೂಗಿ ಕೂಗಿ ಗಂಟಲು ಕೂತೋಗಿದೆ, ಅಮ್ಮ ಫೋನ್ ಮಾಡಿದಾಗೆಲ್ಲ ಬಂದ್ಬಿಡು ಅಂತಾರೆ. ನಾನು ಟೀಚರ್ ಆಗೋಕೆ ಲಾಯಕ್ಕಿಲ್ವಾ ಅನ್ಸೋಕೆ ಶುರುವಾಗಿದೆ.

ಉತ್ತರ: ನೋಡಮ್ಮಾ, ಮೊದಲು ಬಿಸಿನೀರಿಗೆ ಉಪ್ಪು ಹಾಕ್ಕೊಂಡು ಗಂಟಲು ಮುಕ್ಕಳಿಸು, ನಾಳೆಯಿಂದ ಕೂಗೋದು ಬಂದ್. ಸುಮ್ನೆ ಹೇಳ್ತಿಲ್ಲ, ನಾನು ದಾವಣಗೆರೆ ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ಹನ್ನೊಂದು ವರ್ಷ ಕೂಗ್ಕೊಂಡೇ ಪಾಠ ಮಾಡಿದೋಳು, ಆಮೇಲೆ ಥಾಯ್ಲೆಂಡಲ್ಲಿ ಆರು ವರ್ಷ ಇದ್ದೆ, ಅಲ್ಲೂ ಮೊದಲ ಟರ್ಮ್ ಪೂರ್ತಿ ನಿನ್ ಹಂಗೇ ಕೂಗಿದೆ. 45 ಮಕ್ಕಳ ಗಲಾಟೆ ಮೇಲೆ ನೀನು ದನಿ ಏರಿಸಿದ್ರೆ ಅವ್ರು ಇನ್ನೊಂದು ಚೂರು ಏರಿಸ್ತಾರೆ ಅಷ್ಟೆ, ಪಕ್ಕದೋರಿಗೆ ಕೇಳಿಸ್ಬೇಕಲ್ಲ ಅವ್ರಿಗೆ.

ಆ ನಗು ವಿಷಯ ನೀನು ತಪ್ಪು ತಿಳ್ಕೊಂಡಿದ್ದೀಯ ಅನ್ಸುತ್ತೆ, ನಾನೂ ತಪ್ಪು ತಿಳ್ಕೊಂಡಿದ್ದೆ. ನನ್ನ ಕ್ಲಾಸಲ್ಲಿ ಒಬ್ಬ ಹುಡುಗನ್ನ ಎಬ್ಬಿಸಿ ನಿಲ್ಸಿ ಎಲ್ಲರ ಮುಂದೆ ಬೈದೆ, ಅವನು ನಕ್ಕ, ನಂಗೆ ಸಿಟ್ಟು ನೆತ್ತಿಗೇರಿ ಇನ್ನೂ ಬೈದೆ, ಅವನು ಇನ್ನೂ ನಕ್ಕ. ಮಾರನೇ ದಿನದಿಂದ ನಾಲ್ಕು ದಿನ ಅವನು ನನ್ನ ಪೀರಿಯಡ್ಡಿಗೆ ಬರ್ಲೇ ಇಲ್ಲ. ಅವರ ಕ್ಲಾಸ್ ಟೀಚರ್ ಬಂದು ಮೆಲ್ಲಗೆ ಹೇಳಿದ್ರು, ಅವನು ನಕ್ಕಿದ್ದು ನಾಚಿಕೆ ತಡೆಯೋಕಾಗದೆ ಅಂತ. ಅಲ್ಲಿ ಸಿಯಾ ನಾ ಅಂತಾರೆ, ಮುಖ ಹೋಯ್ತು ಅಂತ, ನಮ್ಮಲ್ಲಿ ನಾಕ್ ಜನರ ಮುಂದೆ ಮಾನ ಹೋಯ್ತು ಅಂತೀವಲ್ಲ ಅದೇ. ಆ ಹುಡುಗನ ಮುಖ ನಂಗೆ ಇವತ್ತಿಗೂ ಕಣ್ಮುಂದೆ ಐತೆ. ಅವತ್ತಿಂದ ಯಾರಿಗೆ ಏನು ಹೇಳ್ಬೇಕಿದ್ರೂ ಬೆಲ್ ಆದ್ಮೇಲೆ ಕಾರಿಡಾರಲ್ಲಿ, ಒಬ್ಬರೇ ಇರುವಾಗ, ಸಣ್ಣ ದನೀಲಿ. ಕ್ಲಾಸ್ ನಡೀವಾಗ ಅಂದ್ರೆ ಪಾಠ ನಿಲ್ಲಿಸ್ದೆ ಸುಮ್ನೆ ಅವನ ಡೆಸ್ಕ್ ಪಕ್ಕ ಹೋಗಿ ನಿಲ್ಲೋದು, ಅಷ್ಟಕ್ಕೇ ಮೊಬೈಲು ಒಳಗೆ ಹೋಗುತ್ತೆ. ಅಪ್ಪಿತಪ್ಪಿ ಪ್ರೀತಿಯಿಂದಾದ್ರೂ ತಲೆ ಮುಟ್ಟಬೇಡ, ಅಲ್ಲಿ ಅದು ಸರಿಯಲ್ಲ.

ಮರ್ಯಾದೆ ಇಲ್ಲ ಅಂತ ನೀನು ಬರೆದಿಲ್ಲ, ಆದ್ರೆ ಪತ್ರದ ತುಂಬಾ ಆ ನೋವೇ ಐತೆ. ಅಲ್ಲಿ ಟೀಚರಿಗೆ ಖ್ರೂ ಅಂತಾರಲ್ಲ, ಅದು ನಮ್ಮ ಗುರು ಶಬ್ದನೇ, ಕಾಲೇಜು ಮೇಷ್ಟ್ರಿಗೆ ಅಜಾನ್ ಅಂತಾರೆ ಅದು ಆಚಾರ್ಯ. ಜೂನಲ್ಲಿ ವೈ ಖ್ರೂ ದಿನ ನೋಡಿರ್ತೀಯ, ಹೂವು ಹಿಡ್ಕೊಂಡು ಮಂಡಿಯೂರಿ ಬಂದು ಟೀಚರುಗಳಿಗೆ ಕೈ ಮುಗಿಯೋ ಮಕ್ಕಳು ಇವರೇ. ಅದೇ ಮಕ್ಕಳು ಮಾರನೇ ದಿನ ಸಂತೆ ಮಾಡ್ತಾರೆ ಅಂದ್ರೆ ಕಾರಣ ಮರ್ಯಾದೆ ಅಲ್ಲ, ಏನು ಮಾಡ್ಬೇಕು ಅಂತ ಅವ್ರಿಗೆ ಗೊತ್ತಾಗಿಲ್ಲ. ಥಾಯ್ ಭಾಷೇಲಿ ಕಾಲಕ್ಕೆ ತಕ್ಕಂಗೆ ಕ್ರಿಯಾಪದ ಬದಲಾಗಲ್ಲ, ನಿನ್ನೆ ಅಂತ ಒಂದು ಮಾತು ಸೇರಿಸಿದ್ರೆ ಮುಗೀತು, ಇಂಗ್ಲಿಷಿನ ಎ, ದಿ ಥರದ ಪದಾನೂ ಇಲ್ಲ. ಅಂಥಾ ಮಕ್ಕಳಿಗೆ ನಾನು ಗೋ ವೆಂಟ್ ಗಾನ್ ಅಂತ ಪೂರ್ತಿ ಪೀರಿಯಡ್ ಇಂಗ್ಲಿಷಲ್ಲೇ ವಿವರಿಸ್ತಾ ನಿಂತ್ರೆ ಅವ್ರು ಜಡೆ ಹಾಕ್ಕೊಳ್ದೆ ಇನ್ನೇನು ಮಾಡ್ತಾರೆ ಹೇಳು. ಊರಲ್ಲಿ ನಮ್ಗೆ ಕಷ್ಟ ಆದಾಗ ಕನ್ನಡದಲ್ಲಿ ಒಂದ್ಮಾತು ಹೇಳಿ ದಾಟಿಸ್ತಿದ್ವಿ, ಆ ಆಸರೆ ಅಲ್ಲಿ ನಿಂಗಿಲ್ಲ. ಹಂಗಾಗಿ ಕೈ, ಕಣ್ಣು, ಬೋರ್ಡ್ ಮೇಲಿನ ಚಿತ್ರ ಇವೇ ಮಾತಾಡ್ಬೇಕು.

ಈಗ ಮಾಡೋ ಕೆಲಸ ಹೇಳ್ತೀನಿ. ನೀನು ಒಳಗೆ ಕಾಲಿಟ್ಟ ತಕ್ಷಣ ಕ್ಲಾಸ್ ಲೀಡರ್ ಸ್ಟ್ಯಾಂಡ್ ಅಪ್ ಪ್ಲೀಸ್ ಅಂತಾನೆ, ಎಲ್ರೂ ಎದ್ದು ಗುಡ್ ಮಾರ್ನಿಂಗ್ ಟೀಚರ್ ಅಂತ ರಾಗವಾಗಿ ಹೇಳ್ತಾರೆ, ಅಲ್ವಾ? ಆ ಒಂದು ನಿಮಿಷ ಕ್ಲಾಸ್ ಪೂರ್ತಿ ನಿನ್ ಕೈಲಿರುತ್ತೆ, ಅದನ್ನ ಬಿಟ್ಟುಕೊಡಬೇಡ. ಎಲ್ರೂ ನೆಟ್ಟಗೆ ನಿಂತು ಸುಮ್ನಾಗೋವರೆಗೂ ಕೂತ್ಕೊಳ್ಳಿ ಅನ್ನಬೇಡ, ನಗುನಗ್ತಾ ಕಾಯಿ, ಮೊದಲ ವಾರ ಮೂರು ನಾಲ್ಕು ನಿಮಿಷ ಆದ್ರೂ ಆಗ್ಲಿ. ಕೂತ ತಕ್ಷಣ ಮಾಡೋಕೆ ಬೋರ್ಡ್ ಮೇಲೆ ಒಂದು ಸಣ್ಣ ಕೆಲಸ ಮೊದಲೇ ಬರೆದಿಟ್ಟಿರು, ಐದು ಚಿತ್ರ ಐದು ಪದ ಹೊಂದಿಸಿ ಬರಿ, ಇಷ್ಟೇ, ದಿನಾ ಅದೇ ಜಾಗದಲ್ಲಿ ಅದೇ ಥರದ್ದು. ಎರಡು ವಾರ ಕಳೆದ್ರೆ ನೀನು ಹೇಳೋದೇ ಬೇಕಾಗಲ್ಲ, ಪುಸ್ತಕ ತಾವೇ ತೆಗೀತಾರೆ.

ಇನ್ನೊಂದು, ಹಾಳೆ ಮೊದಲು ಹಂಚಿ ಆಮೇಲೆ ಹೇಳೋಕೆ ಹೋಗ್ತೀವಲ್ಲ, ಅದು ದೊಡ್ಡ ತಪ್ಪು. ಹಾಳೆ ಕೈಗೆ ಹೋದ್ಮೇಲೆ ನಿನ್ನ ಮಾತು ಯಾರಿಗೆ ಬೇಕು. ಮೊದಲು ಒಬ್ಬಳನ್ನ ಮುಂದೆ ಕರೆದು ಅವಳ ಜೊತೆ ನೀನೇ ಒಂದ್ಸಲ ಮಾಡಿ ತೋರಿಸು, ಆಮೇಲೆ ಹಂಚು. ಅರ್ಥ ಆಯ್ತಾ ಅಂತ ಮಾತ್ರ ಕೇಳಬೇಡ, 45 ಜನಾನೂ ಯೆಸ್ ಟೀಚರ್ ಅಂತಾರೆ, ಟೀಚರ್ ಮನಸ್ಸು ನೋಯಿಸ್ಬಾರದು ಅಂತ. ಬರೀಬೇಕಾ ಮಾತಾಡ್ಬೇಕಾ, ಎಷ್ಟು, ಯಾರ ಜೊತೆ, ಇಂಥಾ ಒಂದೇ ಪದದಲ್ಲಿ ಉತ್ತರ ಬರೋ ಪ್ರಶ್ನೆ ಕೇಳು.

ಹೆಸರು ಕಲ್ತ್ಕೋ. ಅಲ್ಲಿ ಅಫಿಶಿಯಲ್ ಹೆಸರು ಉದ್ದುದ್ದ, ಆದ್ರೆ ಎಲ್ರಿಗೂ ಒಂದು ಚಿಕ್ಕ ಕರೆಯೋ ಹೆಸರು ಇರುತ್ತೆ, ಪ್ಲಾಯ್, ಬ್ಯಾಂಕ್, ಈ ಥರ. ಯಾರು ಎಲ್ಲಿ ಕೂರ್ತಾರೆ ಅಂತ ನಕ್ಷೆ ಬರ್ಕೊಂಡು ಟೇಬಲ್ ಮೇಲಿಟ್ಕೋ. ಏಯ್ ಯೂ ಅನ್ನೋದಕ್ಕೂ ಹೆಸರು ಹಿಡಿದು ಕರೆಯೋದಕ್ಕೂ ಎಷ್ಟು ವ್ಯತ್ಯಾಸ ಅಂತ ನೀನೇ ನೋಡ್ತೀಯ.

ಫೇಲ್ ಅಂತ ಹೆದರಿಸೋದು ಬಿಡು, ಅಲ್ಲಿ ಮತ್ತೆ ಪರೀಕ್ಷೆ ಬರೆಸಿ ಪಾಸ್ ಮಾಡ್ಸೋದೇ ಜಾಸ್ತಿ, ಮಕ್ಕಳಿಗೂ ಅದು ಗೊತ್ತು. ಹೊಡೆಯೋದಂತೂ ಮನಸ್ಸಲ್ಲೂ ಬೇಡ. 2005ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಮಾಡಿದ ನಿಯಮದಲ್ಲಿ ಶಿಕ್ಷೆ ಅಂತ ಇರೋದು ನಾಲ್ಕೇ, ಎಚ್ಚರಿಕೆ ಹೇಳೋದು, ನಿಗಾದಲ್ಲಿ ಇಡೋದು, ನಡತೆ ಅಂಕ ಕಡಿಮೆ ಮಾಡೋದು, ನಡತೆ ತಿದ್ದೋ ಚಟುವಟಿಕೆ ಮಾಡ್ಸೋದು, ಬೆತ್ತ ಅದರಲ್ಲಿಲ್ಲ. ನಮ್ಮಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೀಬಾರದು ಅಂತಾನೇ ಹೇಳುತ್ತೆ, ಊರಲ್ಲಿ ಗದರಿದ್ರೆ ಗಪ್‌ಚುಪ್ ಆಗ್ತಿದ್ರು ಅಂದ್ಯಲ್ಲ, ಅದರಲ್ಲಿ ಭಯ ಎಷ್ಟಿತ್ತು ಕಲಿಕೆ ಎಷ್ಟಿತ್ತು ಅಂತ ನಾನು ರಿಟೈರ್ ಆದ್ಮೇಲೆ ಕೂತು ತುಂಬಾ ಯೋಚ್ನೆ ಮಾಡಿದೀನಿ.

ಮಲಗೋ ಮಕ್ಕಳ ಬಗ್ಗೆ ಸಿಟ್ಟಾಗೋ ಮುಂಚೆ ಅವರ ಕ್ಲಾಸ್ ಟೀಚರನ್ನ ಕೇಳು. ನನ್ನ ಕ್ಲಾಸಲ್ಲಿ ದಿನಾ ಮಲಗ್ತಿದ್ದ ಹುಡುಗಿ ರಾತ್ರಿ ಹನ್ನೊಂದರವರೆಗೆ ನೈಟ್ ಮಾರ್ಕೆಟ್ಟಲ್ಲಿ ಅಮ್ಮನ ಅಂಗಡೀಲಿ ನಿಲ್ತಿದ್ಲು, ನಮ್ಮೂರಲ್ಲಿ ಮಂಡಕ್ಕಿ ಮಿರ್ಚಿ ಗಾಡಿ ಹತ್ರ ಅಪ್ಪಂಗೆ ಈರುಳ್ಳಿ ಹೆಚ್ಚಿ ಕೊಡ್ತಾ ನಿಂತಿರೋ ಮಕ್ಕಳ ಹಂಗೆ. ಅವಳನ್ನ ನಾನು ಹತ್ತು ನಿಮಿಷ ಮಲಗೋಕೆ ಬಿಡ್ತಿದ್ದೆ, ಆಮೇಲೆ ಹಾಳೆ ಹಂಚೋ ಕೆಲಸ ಕೊಡ್ತಿದ್ದೆ, ಓಡಾಡಿದ್ರೆ ನಿದ್ದೆ ಹೋಗುತ್ತೆ. ಇದು ಸರಿಯಲ್ಲ ಅನ್ನೋ ಟೀಚರುಗಳೂ ಇದ್ರು, ನಂಗೆ ಸರಿ ಅನ್ಸಿತ್ತು.

ಕೈಕಾಲು ಆಡಿಸೋ ಪಾಠ ಜಾಸ್ತಿ ಮಾಡು. 1960ರ ದಶಕದಲ್ಲಿ ಜೇಮ್ಸ್ ಆಶರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಇದನ್ನೇ ಒಂದು ಪದ್ಧತಿ ಮಾಡಿದ್ರು, ಟೀಚರ್ ಹೇಳೋದು ಮಕ್ಕಳು ಮೈಯಿಂದ ಮಾಡಿ ತೋರಿಸೋದು, ಬಾಯಿ ಮಾತು ಆಮೇಲೆ ತಾನಾಗೇ ಬರುತ್ತೆ ಅಂತ. ನಾನು ಫಸ್ಟ್, ದೆನ್, ಆಫ್ಟರ್ ದಟ್ ಹೇಳ್ಕೊಟ್ಟಿದ್ದು ಬೆಣ್ಣೆ ದೋಸೆಯಿಂದ. ಹಂಚಿಗೆ ನೀರು ಚಿಮುಕಿಸು, ಹಿಟ್ಟು ಹಾಕು, ತಿರುಗಿಸು, ಮೇಲೆ ಬೆಣ್ಣೆ, ಎಲ್ಲಾ ಗಾಳಿಯಲ್ಲೇ, 45 ಜನಾನೂ ಎದ್ದು ನಿಂತು ದೋಸೆ ಹುಯ್ದ್ರು. ಮುಂದಿನ ಕ್ಲಾಸಿಗೆ ಅವ್ರೇ ಸೋಮ್ ತಮ್ ಮಾಡಿ ತೋರಿಸಿದ್ರು, ಪಪ್ಪಾಯಿ ಕಾಯಿ ತುರಿದು ಒರಳಲ್ಲಿ ಮೆಣಸಿನಕಾಯಿ ಜೊತೆ ಕುಟ್ತಾರಲ್ಲ ಅದು. ಅವತ್ತೂ ಗಲಾಟೆ ಇತ್ತಮ್ಮ, ಆದ್ರೆ ಇಂಗ್ಲಿಷಲ್ಲಿತ್ತು.

ಅಮ್ಮಂಗೆ ಹೇಳು, ಸೆಪ್ಟೆಂಬರ್ ಕೊನೆವರೆಗೆ ನೋಡ್ತೀನಿ ಅಂತ. ಆ ಹೊತ್ತಿಗೆ ಮೊದಲ ಟರ್ಮ್ ಮುಗಿಯೋಕೆ ಬಂದಿರುತ್ತೆ. ಅಲ್ಲೀತನಕ ಎಲ್ಲಾ ಕ್ಲಾಸಲ್ಲೂ ಒಂದೇ ಸಲ ಶುರು ಮಾಡಬೇಡ, ಒಂದೇ ರೂಮು ಆರಿಸ್ಕೋ, ಅಲ್ಲಿ ಬರೀ ಆ ಶುರುವಿನ ಐದು ನಿಮಿಷ ಸರಿ ಮಾಡು. ಏನಾಯ್ತು ಅಂತ ನಂಗೆ ಬರಿ.

ಪ್ರಶ್ನೆ: ಮೇಡಂ, ನಾನು ಚಿತ್ರದುರ್ಗದೋನು. ಮುಂದಿನ ತಿಂಗಳು ವಿಯೆಟ್ನಾಂಗೆ ಹೊರಟಿದ್ದೀನಿ, ಸಂಜೆ ನಡೆಯೋ ಇಂಗ್ಲಿಷ್ ಸೆಂಟರಲ್ಲಿ 5-6 ವರ್ಷದ ಮಕ್ಕಳಿಗೆ ಪಾಠ. ನಂಗೆ ದೊಡ್ಡ ಮಕ್ಕಳ ಅಭ್ಯಾಸ ಮಾತ್ರ ಇರೋದು. ಮೊದಲ ದಿನದಿಂದ ಸ್ಟ್ರಿಕ್ಟ್ ಆಗಿದ್ರೆ ಸರಿ ಹೋಗುತ್ತಾ?

ಉತ್ತರ: ತಮ್ಮಾ, ಆ ಮಕ್ಕಳು ದಿನವಿಡೀ ಸ್ಕೂಲು ಮುಗಿಸಿ ಸುಸ್ತಾಗಿ, ಎಷ್ಟೋ ಜನ ಹಸ್ಕೊಂಡು ಬಂದಿರ್ತಾರೆ, ಸಿಡುಕು ಮುಖ ನೋಡಿದ್ರೆ ಅಳ್ತಾರೆ ಅಷ್ಟೇ. ಒಂದು ಆಟ ಐದಾರು ನಿಮಿಷ, ಆಮೇಲೆ ಬದಲಾಯ್ಸು, ಕುಣಿಸಿದ್ಮೇಲೆ ಬಣ್ಣ ಹಚ್ಚೋಕೆ ಕೂರಿಸು, ಎರಡು ಕುಣಿಯೋ ಆಟ ಒಂದರ ಹಿಂದೆ ಒಂದು ಬೇಡ. ಜೊತೆಗೆ ಅಲ್ಲಿನ ಅಸಿಸ್ಟೆಂಟ್ ಇದ್ರೆ ಅವರ ಹತ್ರ ಕ್ಲಾಸಿಗೆ ಮುಂಚೆ ಹತ್ತು ನಿಮಿಷ ಕೂತು ಏನೇನು ಮಾಡ್ತೀನಿ ಅಂತ ಹೇಳು, ಅರ್ಧ ಭಾರ ಇಳಿಯುತ್ತೆ.

ನಿಮ್ಮ ಕೋಟೆಗೆ ಸ್ಕೂಲ್ ಟೂರ್ ಬರುತ್ತಲ್ಲ, ಮೇಷ್ಟ್ರು ಪ್ರತಿ ಬಾಗಿಲಲ್ಲೂ ನಿಂತು ತಲೆ ಎಣಿಸಿ ಒಳಗೆ ಬಿಡ್ತಾರೆ, ನೀನೂ ಹಂಗೇ ಬಾಗಿಲಲ್ಲಿ ನಿಲ್ಲು. ಒಬ್ಬೊಬ್ಬರಿಗೇ ಹಲೋ ಹೇಳಿ ಹೆಸರು ಕೇಳಿ ಒಳಗೆ ಬಿಡು. ಯಾರಾದ್ರೂ ನುಗ್ಗಿ ಓಡಿ ಬಂದ್ರೆ ಬೈಬೇಡ, ಕೈ ಹಿಡ್ಕೊಂಡು ಬಾಗಿಲಿಗೆ ವಾಪಸ್ ಕರ್ಕೊಂಡು ಹೋಗಿ ಜೊತೇಲೇ ಮೆಲ್ಲಗೆ ನಡ್ಕೊಂಡು ಬಾ.