ಓದುಗರ ಪ್ರಶ್ನೆ: ಹಾಪ್ಸ್ ಬಿಯರಿಗೆ ಋತು ಮುಖ್ಯವೋ, ತಾರೀಖು ಮುಖ್ಯವೋ?

ಪ್ರಶ್ನೆ: ನಾನು ಹಲವು ವರ್ಷಗಳಿಂದ ಮಿಷಿಗನ್ ರಾಜ್ಯದಲ್ಲಿದ್ದೇನೆ. ಇಲ್ಲಿನ ಬೆಲ್ಸ್ ಬ್ರೂವರಿಯವರ ಟೂ ಹಾರ್ಟೆಡ್ ಎಂಬ ಐಪಿಎ (ಇಂಡಿಯಾ ಪೇಲ್ ಏಲ್, ಅಂದರೆ ಕಹಿಗೂ ಘಮಕ್ಕೂ ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಧಾರಾಳವಾಗಿ ಹಾಕಿದ ಬಿಯರ್) ವರ್ಷವಿಡೀ ಸಿಗುತ್ತದೆ. ಅವರದೇ ಹಾಪ್‌ಸ್ಲ್ಯಾಮ್ ಮಾತ್ರ ಜನವರಿಯ ಹೊತ್ತಿಗೆ ಬಂದು, ಕೆಲವೇ ವಾರಗಳಲ್ಲಿ ಖಾಲಿಯಾಗಿಬಿಡುತ್ತದೆ. ಇಷ್ಟು ಬೇಡಿಕೆ ಇರುವಾಗ ಅದನ್ನೂ ವರ್ಷವಿಡೀ ಏಕೆ ತಯಾರಿಸಬಾರದು? ಇದಕ್ಕೆ ಹಾಪ್ಸ್ ಬೆಳೆಯ ಕಾಲ ಕಾರಣವೋ, ವ್ಯಾಪಾರದ ಲೆಕ್ಕಾಚಾರವೋ?
– ಓದುಗರೊಬ್ಬರು, ಟ್ರಾಯ್, ಮಿಷಿಗನ್

ಉತ್ತರ: ಬೆಳೆಯ ಕಾಲಕ್ಕೂ ಇದಕ್ಕೂ ಇರುವ ನಂಟು ತೀರ ಕಡಿಮೆ. ಉತ್ತರ ಗೋಳಾರ್ಧದಲ್ಲಿ ಹಾಪ್ಸ್ ಕೊಯ್ಲು ವರ್ಷಕ್ಕೆ ಒಂದೇ ಸಲ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಗಿಯುವವರೆಗೆ ನಡೆಯುತ್ತದೆ. ಅಮೆರಿಕದ ಬೆಳೆಯ ಬಹುಪಾಲು ಬರುವುದು ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಿಂದ. ಬಳ್ಳಿಯಿಂದ ಬಿಡಿಸಿದ ಹೂಗಳಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ, ಅವನ್ನು ತಡಮಾಡದೆ ಬಿಸಿಗಾಳಿಯಲ್ಲಿ ಒಣಗಿಸಿ, ತೇವವನ್ನು ಶೇ. 10ರ ಆಸುಪಾಸಿಗೆ ಇಳಿಸಿ, ಪುಡಿಮಾಡಿ, ಗುಳಿಗೆಗಳಾಗಿ ಒತ್ತಿ, ಗಾಳಿ ತೆಗೆದ ಚೀಲಗಳಲ್ಲಿ ತುಂಬಿ ಶೀತಲಗೃಹದಲ್ಲಿ ಇಡುತ್ತಾರೆ. ಹೀಗೆ ಇಟ್ಟ ಗುಳಿಗೆ ಮುಂದಿನ ಕೊಯ್ಲಿನವರೆಗೂ ತನ್ನ ಘಮವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತದೆ. ಆದ್ದರಿಂದ ಜೂನ್ ತಿಂಗಳಲ್ಲಿ ತಯಾರಾದ ಐಪಿಎ ಕೂಡ ತಾಜಾ ಬಿಯರೇ. ಅದರ ವಯಸ್ಸನ್ನು ಕ್ಯಾನಿಗೆ ತುಂಬಿದ ದಿನದಿಂದ ಎಣಿಸಬೇಕು.

ಆ ದಿನದಿಂದಲೇ ಘಮ ಇಳಿಯತೊಡಗುತ್ತದೆ. ಕುದಿಯುವ ಹಂತದಲ್ಲಿ ಹಾಕಿದ ಹಾಪ್ಸ್ ಮುಖ್ಯವಾಗಿ ಕಹಿಯನ್ನು ಕೊಡುತ್ತದೆ, ಅದರ ಎಣ್ಣೆಯಂಶ ಆವಿಯೊಡನೆ ಹಾರಿಹೋಗುತ್ತದೆ. ಕಿತ್ತಳೆ ಸಿಪ್ಪೆಯನ್ನೂ ಚಕ್ಕೋತವನ್ನೂ ಪೈನ್ ಮರದ ಅಂಟನ್ನೂ ನೆನಪಿಸುವ ಘಮಕ್ಕಾಗಿ, ಹುದುಗು ಮುಗಿಯುತ್ತಿರುವ ಬಿಯರಿಗೆ ಮತ್ತೆ ಹಾಪ್ಸ್ ಸೇರಿಸುತ್ತಾರೆ. ಇದನ್ನೇ ಡ್ರೈ ಹಾಪಿಂಗ್ ಎನ್ನುವುದು. ಈ ಎಣ್ಣೆಗಳು ಬಹಳ ನಾಜೂಕು. ಅವುಗಳಲ್ಲೊಂದಾದ ಮಿರ್ಸೀನ್ ಬಾಟಲಿಯ ಮುಚ್ಚಳದ ಒಳಪದರಕ್ಕೂ ಹೀರಿಕೊಂಡು ಹೋಗುತ್ತದೆ. ತುಂಬುವಾಗ ಒಳಗೆ ಉಳಿದ ಆಮ್ಲಜನಕ, ಪ್ರಮಾಣದಲ್ಲಿ ಶತಕೋಟಿಗೆ ಕೆಲವೇ ಹತ್ತು ಭಾಗಗಳಷ್ಟಿದ್ದರೂ, ಉಳಿದ ಘಮವನ್ನು ಮಂಕಾಗಿಸುತ್ತದೆ. ಕಾಫಿ ಬೀಜವನ್ನು ಹುರಿದು ಪುಡಿಮಾಡಿದ ದಿನದ ಡಿಕಾಕ್ಷನ್‌ಗೂ, ಅದೇ ಪುಡಿಯನ್ನು ಡಬ್ಬಿಯಲ್ಲಿ ಎರಡು ತಿಂಗಳು ಮರೆತು ಆಮೇಲೆ ಇಳಿಸಿದ ಡಿಕಾಕ್ಷನ್‌ಗೂ ಇರುವ ಅಂತರವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಿಮ್ಮ ಎರಡು ಬಿಯರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಟೂ ಹಾರ್ಟೆಡ್‌ನಲ್ಲಿ ಸೆಂಟೆನಿಯಲ್ ಎಂಬ ಒಂದೇ ತಳಿಯ ಹಾಪ್ಸ್ ಇದೆ, ಆಲ್ಕೋಹಾಲ್ ಶೇ. 7. ಸಂಜೆಗೊಂದು ಕುಡಿಯುವವರು ವಾರಕ್ಕೊಂದು ಸಿಕ್ಸ್ ಪ್ಯಾಕ್ ಒಯ್ಯುತ್ತಾರೆ, ಅಂಗಡಿಯ ಕಪಾಟು ಬೇಗ ಬೇಗ ಖಾಲಿಯಾಗಿ ಹೊಸ ಸರಕು ಬರುತ್ತದೆ. ಹಾಪ್‌ಸ್ಲ್ಯಾಮ್ ಜೇನು ಸೇರಿದ, ಶೇ. 10 ಆಲ್ಕೋಹಾಲ್ ಇರುವ ಡಬಲ್ ಐಪಿಎ, ಅಂದರೆ ಹಾಪ್ಸೂ ಆಲ್ಕೋಹಾಲೂ ಇನ್ನೂ ಹೆಚ್ಚಿರುವ ಐಪಿಎ. ಬೆಲೆಯೂ ಹೆಚ್ಚು. ಅದನ್ನು ವರ್ಷದ ಹನ್ನೆರಡು ತಿಂಗಳೂ ಮಾರಿದರೆ, ಮೊದಲ ಉತ್ಸಾಹ ಕಳೆದ ಮೇಲೆ ಕೊಳ್ಳುವವರು ತಿಂಗಳಿಗೊಮ್ಮೆ ಕೊಂಡಾರು, ಅಂಗಡಿಯಲ್ಲಿ ಮೂರು ನಾಲ್ಕು ತಿಂಗಳ ಹಳೆಯ ಬಿಯರ್ ಸದಾ ನಿಂತಿರುತ್ತದೆ. ವರ್ಷದ ಆಸೆಯನ್ನೆಲ್ಲ ಕೆಲವು ವಾರಗಳಿಗೆ ಒಟ್ಟುಗೂಡಿಸುವುದರಿಂದ ಆ ಬಿಯರ್ ಘಮ ಮಾಸುವ ಮೊದಲೇ ಗ್ಲಾಸು ಸೇರುತ್ತದೆ. ಇದು ವ್ಯಾಪಾರದ ಲೆಕ್ಕಾಚಾರವೇ ಹೌದು, ಆದರೆ ಕುಡಿಯುವವನಿಗೂ ಲಾಭವಾಗುವಂಥದು. ಹಾಪ್‌ಸ್ಲ್ಯಾಮ್ ಈಗಿರುವಂತೆಯೇ ವರ್ಷಕ್ಕೊಮ್ಮೆ ಬರಲಿ ಎಂಬುದೇ ನನ್ನ ಅಭಿಪ್ರಾಯ.

ಆದರೆ ಈ ಏರ್ಪಾಡು ಕೆಟ್ಟರೆ ಪೂರ್ತಿಯಾಗಿ ಕೆಡುತ್ತದೆ. ಒಮ್ಮೆ ಮೇ ತಿಂಗಳ ಕೊನೆಯಲ್ಲಿ ಒಂದು ಅಂಗಡಿಯ ಬೆಚ್ಚಗಿನ ಮೂಲೆಯಲ್ಲಿ ಅಂಥದೇ ಒಂದು ಚಳಿಗಾಲದ ಡಬಲ್ ಐಪಿಎ ಉಳಿದಿರುವುದನ್ನು ಕಂಡು, ನನ್ನ ಅದೃಷ್ಟವೆಂದು ಭಾವಿಸಿ ಕೊಂಡು ತಂದೆ. ಅದೇ ಬಿಯರಿನ ಒಂದು ಕ್ಯಾನನ್ನು ಫೆಬ್ರವರಿಯಿಂದಲೂ ನನ್ನ ಫ್ರಿಜ್ಜಿನ ತಳದಲ್ಲಿ ಇಟ್ಟಿದ್ದೆ. ಎರಡನ್ನೂ ಒಂದೇ ಬಗೆಯ ಗ್ಲಾಸುಗಳಿಗೆ ಸುರಿದು ಕಿಟಕಿಯ ಬೆಳಕಿಗೆ ಹಿಡಿದಾಗ ಫ್ರಿಜ್ಜಿನದು ಹೊಂಬಣ್ಣದಲ್ಲೂ, ಅಂಗಡಿಯದು ನೀರು ಹೆಚ್ಚಾದ ಬೆಲ್ಲದ ಪಾಕದ ಬಣ್ಣದಲ್ಲೂ ಇದ್ದವು. ಮೊದಲನೆಯದರಲ್ಲಿ ಕಿತ್ತಳೆ ಸಿಪ್ಪೆಯ ಘಮ ತುಸು ಕುಗ್ಗಿದ್ದರೂ ಉಳಿದಿತ್ತು. ಎರಡನೆಯದು ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯಂತೆ ವಾಸನೆ ಬರುತ್ತಿತ್ತು, ನಾಲಿಗೆಯಲ್ಲಿ ಹಳೆಯ ಜೇನಿನ ಮಂದ ಸಿಹಿ ಮಾತ್ರ ನಿಂತಿತ್ತು. ತಯಾರಿಸಿದವರು ಪಟ್ಟ ಶ್ರಮವೆಲ್ಲ ಒಂದು ಬೆಚ್ಚನೆಯ ಮೂಲೆಯಲ್ಲಿ ಹೀಗೆ ವ್ಯರ್ಥವಾಯಿತಲ್ಲ ಎಂದು ನಿಜವಾಗಿಯೂ ನೋವಾಯಿತು. ಋತು ಮುಗಿದ ಮೇಲೆ ಉಳಿದ ಋತುಮಾನದ ಬಿಯರಿಗಿಂತ, ಹೋದ ವಾರ ಕ್ಯಾನಿಗೆ ತುಂಬಿದ ಸಾಮಾನ್ಯ ಐಪಿಎ ನೂರು ಪಾಲು ಮೇಲು.

ಪ್ರಶ್ನೆ: ಕೆಲವು ಬಿಯರುಗಳ ಮೇಲೆ ‘ಫ್ರೆಶ್ ಹಾಪ್’ ಎಂದೂ, ಕೆಲವದರ ಮೇಲೆ ‘ವೆಟ್ ಹಾಪ್’ ಎಂದೂ ಇರುತ್ತದೆ. ಎರಡೂ ಒಂದೆಯೇ? ಇವಕ್ಕಾದರೂ ಋತು ಬೇಕೇ ಬೇಕೇ?
– ಓದುಗರೊಬ್ಬರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಬೇಕು, ವೆಟ್ ಹಾಪ್‌ಗಂತೂ ಬೇಕೇ ಬೇಕು. ನಮ್ಮ ಕಡೆಯ ಅವರೆಕಾಯಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಒಣಗಿದ ಅವರೆಬೇಳೆ ವರ್ಷವಿಡೀ ಸಿಗುತ್ತದೆ, ಅದರ ಸಾರೂ ರುಚಿಯೇ. ಆದರೆ ಮಾಗಿಯ ಚಳಿಯಲ್ಲಿ ಬರುವ, ಬಿಡಿಸಿದರೆ ಕೈಗೆ ಅಂಟುವ ಸೊಗಡಿನ ಅವರೆಕಾಯಿಯ ಹುಳಿಯನ್ನು ಜೂನ್ ತಿಂಗಳಲ್ಲಿ ಮಾಡಲು ಸಾಧ್ಯವಿಲ್ಲ. ವೆಟ್ ಹಾಪ್ ಎಂದರೆ ಒಣಗಿಸದ ಹಸಿ ಹೂ. ರಾಶಿ ಹಾಕಿದರೆ ಬಿಸಿಯೇರಿ ಕೊಳೆಯತೊಡಗುವುದರಿಂದ ಕೊಯ್ದ ಒಂದು ದಿನದೊಳಗೆ ಅದು ಬ್ರೂವರಿಯನ್ನು ತಲುಪಬೇಕು. ನೀರಿನ ತೂಕವೇ ಹೆಚ್ಚಾದ್ದರಿಂದ ಒಣಹೂವಿನ ಐದಾರು ಪಟ್ಟು ಹಾಕಬೇಕು. ನಿಮ್ಮ ರಾಜ್ಯದ ಚಿಕೋ ಊರಿನ ಸಿಯೆರಾ ನೆವಾಡಾದವರು 1996ರಲ್ಲಿ ಯಾಕಿಮಾದಿಂದ ಹಸಿ ಹೂವನ್ನು ತರಿಸಿ ಹಾರ್ವೆಸ್ಟ್ ಏಲ್ ತಯಾರಿಸಿದ ಮೇಲೆ ಅಮೆರಿಕದಲ್ಲಿ ಈ ಬಗೆ ಹರಡಿತು. ಅವರದೇ ಸೆಲೆಬ್ರೇಷನ್ ಇನ್ನೂ ಹಳೆಯದು, 1981ರದು. ಅದು ಫ್ರೆಶ್ ಹಾಪ್ ಬಿಯರ್, ಅಂದರೆ ಆ ವರ್ಷದ ಕೊಯ್ಲಿನ ಹೂವನ್ನು ಒಣಗಿಸಿದ ಕೂಡಲೇ ಬಳಸಿ, ವರ್ಷದ ಕೊನೆಯ ಹಬ್ಬಗಳ ಹೊತ್ತಿಗೆ ಬಿಡುಗಡೆ ಮಾಡುವಂಥದು. ಬೇರೆ ಬ್ರೂವರಿಗಳು ಈ ಎರಡು ಮಾತುಗಳನ್ನು ಅದಲುಬದಲಾಗಿ ಬಳಸುವುದೂ ಉಂಟು, ಹಾಗಾಗಿ ಲೇಬಲ್ಲನ್ನು ಪೂರ್ತಿ ಓದಿ. ನ್ಯೂಜಿಲೆಂಡಿನಲ್ಲಿ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಡೆಯುವುದರಿಂದ, ಅಲ್ಲಿನ ಹೊಸ ಹೂವಿನ ಬಿಯರುಗಳಿಗೆ ಬೇರೆಯದೇ ಋತುವಿದೆ.

ಪ್ರಶ್ನೆ: ಐಪಿಎ ಎಂದರೆ ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಹಡಗಿನಲ್ಲಿ ಬರಲೆಂದೇ ಹೆಚ್ಚು ಹಾಪ್ಸ್ ಹಾಕಿ ಮಾಡಿದ ಬಿಯರ್ ಎಂದು ಓದಿದ್ದೇನೆ. ತಿಂಗಳುಗಟ್ಟಲೆ ಪ್ರಯಾಣವನ್ನು ತಾಳಿಕೊಂಡ ಬಿಯರ್ ಈಗ ಎರಡು ತಿಂಗಳಿಗೆ ಹಳತಾಗುತ್ತದೆ ಎನ್ನುವುದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ‘ಕೆಡುವುದು’ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಸಂಗತಿಗಳನ್ನು ಸೇರಿಸಿಬಿಡುತ್ತೇವೆ. ಹಾಪ್ಸಿನ ಕಹಿ ಆಮ್ಲಗಳು ಬಿಯರನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ಆ ಅರ್ಥದಲ್ಲಿ ಹಾಪ್ಸ್ ಬಿಯರನ್ನು ಕಾಯುತ್ತದೆ. ಆದರೆ ಅದು ತನ್ನ ಘಮವನ್ನು ತಾನೇ ಕಾಯಲಾರದು. ಹದಿನೆಂಟನೆಯ ಶತಮಾನದ ಕೊನೆಗೆ ಲಂಡನ್ನಿನ ಬೋ ಎಂಬಲ್ಲಿ ಹಾಡ್ಜ್‌ಸನ್ ಎಂಬಾತನ ಬ್ರೂವರಿಯಿಂದಲೂ, 1820ರ ದಶಕದಿಂದ ಬರ್ಟನ್ ಊರಿನಿಂದಲೂ ಹೊರಟ ಬಿಯರನ್ನು ಪೀಪಾಯಿಗಳಲ್ಲಿ ತುಂಬಿ, ಆಫ್ರಿಕದ ತುದಿಯನ್ನು ಬಳಸಿ ಬರುವ ಹಡಗುಗಳಲ್ಲಿ ಸಾಗಿಸುತ್ತಿದ್ದರು. ಆ ತಿಂಗಳುಗಳಲ್ಲಿ ಅದು ಮಾಗುತ್ತಿತ್ತು. ಕಲ್ಕತ್ತೆಯ ದೊರೆಗಳು ಮೆಚ್ಚಿ ಕುಡಿದದ್ದು ಆ ಮಾಗಿದ ರುಚಿಯನ್ನೇ. ಆ ಬಗೆಯ ಹಳೆಯ ಇಂಗ್ಲಿಷ್ ಬಿಯರುಗಳ ವಿಶಿಷ್ಟ ರುಚಿಗೆ ಕಾರಣವಾದ ಯೀಸ್ಟನ್ನು 1904ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಕ್ಲಾಸೆನ್ ಗುರುತಿಸಿ ಬ್ರೆಟನೊಮೈಸಿಸ್ ಎಂದು ಹೆಸರಿಟ್ಟ. ಇಂದಿನ ಅಮೆರಿಕನ್ ಐಪಿಎ ಹೆಸರನ್ನು ಮಾತ್ರ ಅಲ್ಲಿಂದ ತಂದಿದೆ. ಅದರ ಜೀವಾಳ 1970ರ ದಶಕದ ಆಚೆಗೆ ಬಂದ ಕ್ಯಾಸ್ಕೇಡ್‌ನಂಥ ತಳಿಗಳ ಹಣ್ಣಿನ ಘಮ. ಹಳತಾದ ಐಪಿಎ ಕುಡಿದರೆ ಆರೋಗ್ಯ ಕೆಡುವುದಿಲ್ಲ, ಅದನ್ನು ಕೊಂಡ ಉದ್ದೇಶ ಮಾತ್ರ ಈಡೇರುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ಎಷ್ಟು ದಿನ ಇಡಬಹುದು? ಕ್ಯಾನಿನ ಮೇಲೆ 045 ಎಂಬಂಥ ಅಂಕಿ ಇದ್ದರೆ ಏನರ್ಥ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಅದು ವರ್ಷದ ಎಷ್ಟನೆಯ ದಿನ ಎಂಬುದರ ಗುರುತು. 045 ಎಂದರೆ ಫೆಬ್ರವರಿ 14. ಇಡುವ ಬಗ್ಗೆ ಬ್ರೂವರಿಯವರಲ್ಲಿ 3-30-300 ಎಂಬ ಸ್ಥೂಲ ಲೆಕ್ಕವಿದೆ. 32 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯ ಫ್ರಿಜ್ಜಿನಲ್ಲಿ 300 ದಿನ ಇಟ್ಟರೆ ಬಿಯರಿಗೆ ಆಗುವ ಹಾನಿ ಹೆಚ್ಚು ಕಡಿಮೆ ಒಂದೇ. ಹಾಪ್ಸ್ ಪ್ರಧಾನವಾದ ಬಿಯರಿಗೆ ನಾನು ಇಷ್ಟು ಸಡಿಲ ಕೊಡುವುದಿಲ್ಲ. ಫ್ರಿಜ್ಜಿನಲ್ಲಿದ್ದರೂ ಎರಡು ತಿಂಗಳೊಳಗೆ, ಮಬ್ಬಾದ ಹೇಜಿ ಐಪಿಎಯನ್ನು ಒಂದು ತಿಂಗಳೊಳಗೆ ಮುಗಿಸಿ. ಕ್ಯಾಲಿಫೋರ್ನಿಯಾದ ಸ್ಟೋನ್ ಬ್ರೂವಿಂಗ್‌ನವರು 2012ರಲ್ಲಿ ‘ಎಂಜಾಯ್ ಬೈ’ ಎಂಬ ಬಿಯರನ್ನು ತಂದಾಗ ಐದು ವಾರಗಳ ಆಸುಪಾಸಿನ ಒಂದು ತಾರೀಖನ್ನು ಅದರ ಹೆಸರಿನಲ್ಲೇ ದೊಡ್ಡದಾಗಿ ಮುದ್ರಿಸಿದರು. ಎಲ್ಲ ಬ್ರೂವರಿಗಳೂ ತುಂಬಿದ ದಿನವನ್ನು ಅಷ್ಟೇ ಸ್ಪಷ್ಟವಾಗಿ ಮುದ್ರಿಸಬೇಕೆಂದು ನಾನು ಬಯಸುತ್ತೇನೆ. ತಾರೀಖೇ ಇಲ್ಲದ ಐಪಿಎಯನ್ನು ಕೊಳ್ಳಬೇಡಿ.

ಪ್ರಶ್ನೆ: ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಟ್ಯಾಂಕಿನಿಂದಲೇ ಬಿಯರ್ ಕೊಡುತ್ತಾರಲ್ಲ, ಅಲ್ಲಿ ಈ ಚಿಂತೆ ಇಲ್ಲ ತಾನೇ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಬಹುಮಟ್ಟಿಗೆ ಇಲ್ಲ, ಮತ್ತು ಅದು ನಿಮ್ಮ ಊರಿನ ಭಾಗ್ಯ. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಶುರುವಾಯಿತು, 2012ರಲ್ಲಿ ಮಿಷಿಗನ್ನಿನ ಆನ್ ಆರ್ಬರ್ ಊರಿನ ಬ್ರೂವರಿಯ ಹೆಸರನ್ನೇ ಹೊತ್ತ ಆರ್ಬರ್ ಬ್ರೂವಿಂಗ್ ಬಂತು. ಇಂಥ ಕಡೆ ಬಿಯರ್ ಲಾರಿ ಹತ್ತುವುದಿಲ್ಲ, ಬಿಸಿಲು ಕಾಣುವುದಿಲ್ಲ, ತಣ್ಣನೆಯ ಟ್ಯಾಂಕಿನಿಂದ ನೇರವಾಗಿ ಗ್ಲಾಸಿಗೆ ಬರುತ್ತದೆ. ಹಾಪ್ಸ್ ಬಹುಪಾಲು ಹೊರದೇಶದಿಂದ ಗುಳಿಗೆಯ ರೂಪದಲ್ಲಿ ಬರುತ್ತದೆಯಾದರೂ, ಶೀತ ತಪ್ಪದೆ ಬಂದಿದ್ದರೆ ಅದೇನೂ ಕುಂದಲ್ಲ. ಗಮನಿಸಬೇಕಾದದ್ದು ಒಂದೇ. ಬೆಂಗಳೂರಿನಲ್ಲಿ ಗೋಧಿಯ ಬಿಯರಿಗೆ ಗಿರಾಕಿ ಹೆಚ್ಚು, ಐಪಿಎಗೆ ಕಡಿಮೆ. ಹಾಗಾಗಿ ಗೋಧಿಯ ಬಿಯರಿನ ಟ್ಯಾಂಕ್ ಬೇಗ ಬರಿದಾಗುವಾಗ, ಪಕ್ಕದ ಐಪಿಎ ನಿಧಾನವಾಗಿ ಇಳಿಯುತ್ತಿರಬಹುದು. ಬಡಿಸುವವರನ್ನು ‘ಈ ಐಪಿಎ ಟ್ಯಾಂಕಿಗೆ ಬಂದು ಎಷ್ಟು ದಿನವಾಯಿತು?’ ಎಂದು ಕೇಳಿ. ತಿಳಿಯದಿದ್ದರೆ ಒಳಗಿರುವ ಬ್ರೂವರನ್ನು ಕೇಳಿ ಬಂದು ಹೇಳುತ್ತಾರೆ. ಜೊತೆಗೆ ರುಚಿ ನೋಡಲು ಒಂದು ಚಿಕ್ಕ ಗ್ಲಾಸನ್ನು ತರಿಸಿಕೊಂಡು, ಕುಡಿಯುವ ಮೊದಲು ಮೂಗಿನ ಬಳಿ ಹಿಡಿದು ನೋಡಿ. ಹಣ್ಣಿನ ಘಮ ಥಟ್ಟನೆ ಮೂಗಿಗೆ ಬಂದರೆ ದೊಡ್ಡ ಗ್ಲಾಸನ್ನು ತರಿಸಿ, ಬರದಿದ್ದರೆ ಆ ದಿನಕ್ಕೆ ಗೋಧಿಯ ಬಿಯರನ್ನೇ ಆರಿಸಿ.