ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು

ಪ್ರಶ್ನೆ: ನಮ್ಮ ಮನೆಯಲ್ಲಿ ಆರೇಳು ವರ್ಷ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಮಳೆಗಾಲದಲ್ಲಿ ಮೇಲಿಂದ ಮೇಲೆ ಕರೆಂಟ್ ಹೋಗುತ್ತಿದ್ದುದರಿಂದ ಬಹಳ ದಿನ ಅದನ್ನು ಮುಟ್ಟಿರಲಿಲ್ಲ. ಈಗ ಬಟನ್ ಒತ್ತಿದರೆ ಒಳಗಿನ ಫ್ಯಾನ್ ತಿರುಗುತ್ತದೆ, ದೀಪವೂ ಹೊತ್ತಿಕೊಳ್ಳುತ್ತದೆ. ಆದರೆ ಮಾನಿಟರ್‌ನಲ್ಲಿ ‘ನೋ ಸಿಗ್ನಲ್’ ಎಂದು ಬಂದು ಪರದೆ ಕಪ್ಪಾಗುತ್ತದೆ. ಅಂಗಡಿಯವರು ಫೋನಿನಲ್ಲಿಯೇ ‘ಮದರ್‌ಬೋರ್ಡ್ ಹೋಗಿದೆ, ಹೊಸದು ತೆಗೆದುಕೊಳ್ಳಿ’ ಎಂದುಬಿಟ್ಟರು. ತೋಟದ ಲೆಕ್ಕಪತ್ರ, ಮಕ್ಕಳ ಫೋಟೊಗಳು ಎಲ್ಲವೂ ಅದರಲ್ಲಿಯೇ ಇವೆ. ದಯವಿಟ್ಟು ದಾರಿ ತೋರಿಸಿ.
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ಫೋಟೊಗಳ ವಿಷಯ. ನೀವು ಹೇಳುವ ಲಕ್ಷಣವನ್ನು ನೋಡಿದರೆ ಅವು ಸುರಕ್ಷಿತವಾಗಿಯೇ ಇರುವ ಸಾಧ್ಯತೆ ಹೆಚ್ಚು, ಏಕೆಂದರೆ ನಿಮ್ಮ ಯಂತ್ರ ಹಾರ್ಡ್‌ಡಿಸ್ಕನ್ನು ಓದುವ ಹಂತಕ್ಕೆ ಇನ್ನೂ ತಲುಪಿದಂತೆಯೇ ಇಲ್ಲ.

ಇದು ಅರ್ಥವಾಗಬೇಕಾದರೆ ಕಂಪ್ಯೂಟರ್ ಹೇಗೆ ಎಚ್ಚರಗೊಳ್ಳುತ್ತದೆ ಎಂಬುದನ್ನು ತಿಳಿದಿರಬೇಕು. ಬಟನ್ ಒತ್ತಿದಾಗ ಎಸ್‌ಎಂಪಿಎಸ್ ಎಂಬ ವಿದ್ಯುತ್ ಪೂರೈಕೆಯ ಡಬ್ಬಿ ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸಿ, ಎಲ್ಲವೂ ಸರಿಯಾಗಿದ್ದರೆ ಎಲ್ಲ ಭಾಗಗಳೂ ಕೂಡುವ ಮುಖ್ಯ ಫಲಕವಾದ ಮದರ್‌ಬೋರ್ಡಿಗೆ ಒಂದು ಸಂಕೇತ ಕಳಿಸುತ್ತದೆ. ಆಮೇಲೆ ಪ್ರೊಸೆಸರ್ ಬೋರ್ಡಿನ ಮೇಲಿರುವ ಚಿಪ್‌ನಿಂದ ಯಂತ್ರವನ್ನು ಎಬ್ಬಿಸುವ ಬಯಾಸ್ ಎಂಬ ತಂತ್ರಾಂಶವನ್ನು ಓದಿ, ತಾತ್ಕಾಲಿಕ ನೆನಪಿನ ಭಾಗವಾದ ರ‍್ಯಾಮ್ ಇದೆಯೇ, ಪರದೆಗೆ ಚಿತ್ರ ಕಳಿಸುವ ಭಾಗ ಇದೆಯೇ ಎಂದು ಪರೀಕ್ಷಿಸುತ್ತದೆ. ಇಷ್ಟಾದ ಬಳಿಕವೇ ಅದು ಹಾರ್ಡ್‌ಡಿಸ್ಕ್ ಹುಡುಕುವುದು, ವಿಂಡೋಸ್ ಶುರುವಾಗುವುದು. ನಿಮ್ಮಲ್ಲಿ ಫ್ಯಾನ್ ತಿರುಗುತ್ತಿದೆ ಎಂದರೆ 12 ವೋಲ್ಟ್ ಬರುತ್ತಿದೆ ಎಂದಷ್ಟೇ ಅರ್ಥ. ಕಂಪನಿಯ ಚಿಹ್ನೆ ಕೂಡ ಪರದೆಯ ಮೇಲೆ ಬಾರದಿರುವುದರಿಂದ ತೊಂದರೆ ಇರುವುದು ಎಸ್‌ಎಂಪಿಎಸ್‌ನಿಂದ ಪರದೆಯವರೆಗಿನ ದಾರಿಯಲ್ಲಿ. ಆ ದಾರಿಯಲ್ಲಿ ಮದರ್‌ಬೋರ್ಡ್ ಮೇಲೆ ಅನುಮಾನ ಪಡಬಹುದಾದರೂ ಮೊದಲು ಅನುಮಾನಿಸಬೇಕಾದುದು ಅದನ್ನಲ್ಲ. ಕ್ಯಾಬಿನೆಟ್ ತೆರೆಯದೆ ಫೋನಿನಲ್ಲಿ ಆ ತೀರ್ಮಾನಕ್ಕೆ ಬರಲು ಯಾರಿಗೂ ಸಾಧ್ಯವಿಲ್ಲ.

ಮಾನಿಟರ್ ಕೇಬಲ್‌ನಿಂದ ಆರಂಭಿಸಿ. ಕಂಪ್ಯೂಟರಿನ ಹಿಂಬದಿಯಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಸೇರಿರಬೇಕು, ಮದರ್‌ಬೋರ್ಡಿನ ಕಿಂಡಿಗಲ್ಲ. ಧೂಳು ಒರೆಸುವಾಗ ಬಿಚ್ಚಿ ಮತ್ತೆ ಸಿಕ್ಕಿಸಿದವರು ಇಲ್ಲಿ ತಪ್ಪುವುದು ಸಾಮಾನ್ಯ. ಬಳಿಕ ಪ್ರಿಂಟರ್, ಪೆನ್‌ಡ್ರೈವ್, ಇಂಟರ್‌ನೆಟ್ ಕೇಬಲ್ ಎಲ್ಲವನ್ನೂ ಬಿಡಿಸಿ, ಕೀಬೋರ್ಡ್ ಮತ್ತು ಮಾನಿಟರ್ ಮಾತ್ರ ಉಳಿಸಿ ಒಮ್ಮೆ ಚಾಲೂ ಮಾಡಿ ನೋಡಿ.

ಅದರಿಂದ ಫಲ ಸಿಗದಿದ್ದರೆ ರ‍್ಯಾಮ್ ಕಡೆಗೆ ಬನ್ನಿ. ಮಲೆನಾಡಿನ ಮಳೆಗಾಲದಲ್ಲಿ ಬಹಳ ದಿನ ಸುಮ್ಮನಿದ್ದ ಕಂಪ್ಯೂಟರಿನಲ್ಲಿ ನಾನು ಎಲ್ಲಕ್ಕಿಂತ ಮೊದಲು ಅನುಮಾನಿಸುವುದು ಇದನ್ನೇ. ತೇವ ಮತ್ತು ಧೂಳು ಸೇರಿ ರ‍್ಯಾಮ್ ಪಟ್ಟಿಯ ಕೆಳ ಅಂಚಿನ ಚಿನ್ನದ ಬಣ್ಣದ ಸಂಪರ್ಕಗಳ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುತ್ತದೆ. ಅಷ್ಟಾದರೆ ಸಾಕು, ಬಯಾಸ್‌ಗೆ ರ‍್ಯಾಮ್ ಇಲ್ಲವೆಂದೇ ತೋರುತ್ತದೆ. ಗೋಡೆಯ ಸ್ವಿಚ್ ಆರಿಸಿ, ವಿದ್ಯುತ್ ವೈರನ್ನು ಪೂರ್ತಿ ಬಿಡಿಸಿ, ಒಳಗೆ ಉಳಿದಿರುವ ವಿದ್ಯುತ್ ಇಳಿದುಹೋಗುವಂತೆ ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ನಂತರ ಕ್ಯಾಬಿನೆಟ್ ತೆರೆದು, ಅದರ ಬಣ್ಣವಿಲ್ಲದ ಲೋಹದ ಭಾಗವನ್ನು ಕೈಯಿಂದ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಿ. ಸ್ಲಾಟಿನ ತುದಿಯಲ್ಲಿರುವ ಹಿಡಿಕೆಯನ್ನು ಹೊರಕ್ಕೆ ಬಾಗಿಸಿದರೆ ರ‍್ಯಾಮ್ ಮೇಲಕ್ಕೆ ಎದ್ದುಬರುತ್ತದೆ. ಅದನ್ನು ಅಂಚುಗಳಲ್ಲಿ ಹಿಡಿದು, ಪೆನ್ಸಿಲ್ ಬರಹ ಅಳಿಸುವ ಮೆತ್ತನೆಯ ಬಿಳಿ ರಬ್ಬರ್‌ನಿಂದ ಸಂಪರ್ಕಗಳನ್ನು ಎರಡೂ ಬದಿಗಳಲ್ಲಿ ಹಗುರವಾಗಿ ಉಜ್ಜಿ, ರಬ್ಬರ್ ಪುಡಿ ಸ್ಲಾಟಿನೊಳಗೆ ಬೀಳದಂತೆ ದೂರದಲ್ಲಿ ಕೊಡವಿ. ಸ್ಲಾಟನ್ನು ಒಣಗಿದ ಮೆತ್ತನೆಯ ಬ್ರಶ್‌ನಿಂದ ಗುಡಿಸಿ, ಬಾಯಿಂದ ಊದಬೇಡಿ. ರ‍್ಯಾಮ್‌ನ ಕೆಳಗಿನ ಕಚ್ಚು ಸ್ಲಾಟಿನ ಉಬ್ಬಿಗೆ ಹೊಂದುವಂತೆ ಇಟ್ಟು, ಎರಡೂ ತುದಿಗಳನ್ನು ‘ಟಕ್’ ಎಂದು ಕೂರುವವರೆಗೆ ಒತ್ತಿ. ಎಷ್ಟೋ ಸಲ ಒಂದು ತುದಿ ಕೂತು ಇನ್ನೊಂದು ತುದಿ ಅರ್ಧ ಮೇಲೆಯೇ ಉಳಿದಿರುತ್ತದೆ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ.

ಇದರ ಜೊತೆಗೆ ಇನ್ನೊಂದು ಪರೀಕ್ಷೆಯಿದೆ; ಅಂಗಡಿಯವರ ಮಾತು ನಿಜವೋ ಅಲ್ಲವೋ ಎಂಬುದನ್ನು ಅದು ಬಹುಮಟ್ಟಿಗೆ ತಿಳಿಸುತ್ತದೆ. ಕ್ಯಾಬಿನೆಟ್‌ನಲ್ಲಿ ಬೀಪ್ ಶಬ್ದ ಮಾಡುವ ಪುಟ್ಟ ಸ್ಪೀಕರ್ ಇದೆಯೇ ನೋಡಿ. ಇಲ್ಲದಿದ್ದರೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಮದರ್‌ಬೋರ್ಡ್ ಮೇಲೆ ಸ್ಪೀಕರ್ ಎಂದು ಗುರುತಿಸಿರುವ ಪಿನ್ನುಗಳಿಗೆ ಸಿಕ್ಕಿಸಬೇಕು. ರ‍್ಯಾಮ್‌ಗಳನ್ನೆಲ್ಲ ಹೊರಗಿಟ್ಟು ಚಾಲೂ ಮಾಡಿ. ಬೋರ್ಡ್ ಬೀಪ್ ಬೀಪ್ ಎಂದು ಕೂಗಿಕೊಂಡರೆ ಅದು ಸಂತೋಷದ ಸುದ್ದಿ: ಪ್ರೊಸೆಸರ್ ಕೆಲಸ ಮಾಡುತ್ತಿದೆ, ಬಯಾಸ್ ಓಡುತ್ತಿದೆ, ರ‍್ಯಾಮ್ ಇಲ್ಲವೆಂದು ದೂರುವಷ್ಟು ಮದರ್‌ಬೋರ್ಡಿಗೆ ಜೀವವಿದೆ. ಬೀಪ್‌ಗಳ ಎಣಿಕೆಗೆ ಬಯಾಸ್ ತಯಾರಕರು ಒಬ್ಬೊಬ್ಬರು ಒಂದೊಂದು ಅರ್ಥ ಕೊಟ್ಟಿರುವುದರಿಂದ ನಿಮ್ಮ ಬೋರ್ಡಿನ ಕೈಪಿಡಿಯನ್ನೇ ನೋಡಬೇಕು. ಇತ್ತೀಚಿನ ಕೆಲವು ಬೋರ್ಡುಗಳಲ್ಲಿ ಸ್ಪೀಕರಿನ ಬದಲು ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿರುತ್ತವೆ. ಯಾವುದು ಉರಿದು ನಿಲ್ಲುತ್ತದೆಯೋ ತೊಂದರೆ ಅಲ್ಲಿದೆ.

ಕ್ಯಾಬಿನೆಟ್ ತೆರೆದಿರುವಾಗಲೇ ಪ್ರೊಸೆಸರ್ ಪಕ್ಕಕ್ಕೆ ಬರುವ ನಾಲ್ಕು ಅಥವಾ ಎಂಟು ಪಿನ್ನಿನ ವಿದ್ಯುತ್ ಕನೆಕ್ಟರ್ ಬಿಗಿಯಾಗಿದೆಯೇ ನೋಡಿ. ಅದು ಸಡಿಲವಾದರೂ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಬೋರ್ಡಿನ ಮೇಲಿರುವ ನಾಣ್ಯದಾಕಾರದ 3 ವೋಲ್ಟ್‌ನ ಸಿಆರ್ 2032 ಸೆಲ್ಲನ್ನು, ವೈರ್ ಬಿಡಿಸಿದ ಸ್ಥಿತಿಯಲ್ಲಿಯೇ, ಹತ್ತು ನಿಮಿಷ ತೆಗೆದಿಟ್ಟು ಹೊಸದನ್ನು ಹಾಕಿ. ಆರೇಳು ವರ್ಷದ ಸೆಲ್ ಹೇಗೂ ಬದಲಾಯಿಸುವ ವಯಸ್ಸಿನದು. ಹೀಗೆ ಮಾಡಿದಾಗ ಬಯಾಸ್ ಹೊಂದಾಣಿಕೆಗಳು ಅಳಿಸಿಹೋಗುವುದರಿಂದ ತಾರೀಖು ಹಿಂದಕ್ಕೆ ಹೋಗಬಹುದು, ಕೆಲವು ಬೋರ್ಡುಗಳಲ್ಲಿ ಬೂಟ್ ವಿಧಾನ, ಅಂದರೆ ವಿಂಡೋಸ್ ಎಬ್ಬಿಸುವ ಕ್ರಮ, ಬದಲಾಗಿ ‘ನೋ ಬೂಟಬಲ್ ಡಿವೈಸ್’ ಎಂಬ ಸಂದೇಶವೂ ಬರಬಹುದು. ಗಾಬರಿಯಾಗಬೇಡಿ, ಡಿಸ್ಕಿನಲ್ಲಿರುವುದು ಅಳಿಸಿಲ್ಲ. ಬಯಾಸ್‌ನಲ್ಲಿ ಬೂಟ್ ವಿಧಾನಕ್ಕಿರುವ ಲೆಗಸಿ ಮತ್ತು ಯುಇಎಫ್‌ಐ ಎಂಬ ಆಯ್ಕೆಗಳ ಪೈಕಿ ಮೊದಲಿದ್ದುದಕ್ಕೆ ಹಿಂದಿರುಗಿಸಿದರೆ ಸಾಕು.

ಇಷ್ಟಕ್ಕೂ ಬಗ್ಗದಿದ್ದರೆ ಪರಿಚಯಸ್ಥರ ಕಂಪ್ಯೂಟರಿನಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವ ಎಸ್‌ಎಂಪಿಎಸ್ ಒಂದನ್ನು ತಂದು ಜೋಡಿಸಿ ನೋಡಬೇಕು. ಹಳೆಯ ಎಸ್‌ಎಂಪಿಎಸ್ ಫ್ಯಾನ್ ತಿರುಗಿಸುವಷ್ಟು ಶಕ್ತವಾಗಿದ್ದರೂ ಪ್ರೊಸೆಸರಿನ ಭಾರ ಹೊರಲಾರದೆ ಇರಬಹುದು. ಅದರ ಡಬ್ಬಿಯನ್ನು ಮಾತ್ರ ದಯವಿಟ್ಟು ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ಗಳಲ್ಲಿ ವೈರ್ ಬಿಡಿಸಿದ ಮೇಲೂ 300 ವೋಲ್ಟ್‌ಗಿಂತ ಹೆಚ್ಚು ಉಳಿದಿರಬಹುದು. ಬದಲಿ ಎಸ್‌ಎಂಪಿಎಸ್, ಬದಲಿ ರ‍್ಯಾಮ್ ಎರಡರಿಂದಲೂ ಏನೂ ಆಗದಿದ್ದರೆ, ಅಥವಾ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ಉಬ್ಬಿ ಒಡೆದಿದ್ದರೆ, ಆಗ ಮದರ್‌ಬೋರ್ಡ್ ಹೋಗಿದೆ ಎಂಬ ಮಾತಿಗೆ ಆಧಾರವಿರುತ್ತದೆ. ಹಾಗಾದರೂ ಹಾರ್ಡ್‌ಡಿಸ್ಕನ್ನು ಬಿಚ್ಚಿ, ಅದರ ಸಾಟಾ ಕನೆಕ್ಟರಿನಿಂದ ಯುಎಸ್‌ಬಿಗೆ ಜೋಡಿಸುವ ಕೇಬಲ್ ಮೂಲಕ ಇನ್ನೊಂದು ಕಂಪ್ಯೂಟರಿನಲ್ಲಿ ಓದಿ ನಿಮ್ಮ ಫೋಟೊಗಳನ್ನು ನಕಲು ಮಾಡಿಕೊಳ್ಳಬಹುದು. ಯಂತ್ರವನ್ನು ಅಂಗಡಿಗೆ ಒಯ್ಯುವುದಾದರೆ ಡಿಸ್ಕನ್ನು ಮನೆಯಲ್ಲಿಯೇ ಇಟ್ಟು ಹೋಗಿ. ಈ ದೋಷವನ್ನು ಪತ್ತೆಹಚ್ಚಲು ಅದರ ಅಗತ್ಯವಿಲ್ಲ.

ಪ್ರಶ್ನೆ: ನಮ್ಮ ಕಂಪ್ಯೂಟರಿನಲ್ಲಿ ವಿಂಡೋಸ್ ಚಿಹ್ನೆ ಬಂದು ಚುಕ್ಕಿಗಳು ಸುತ್ತುತ್ತವೆ, ಆಮೇಲೆ ‘ಆಟೋಮ್ಯಾಟಿಕ್ ರಿಪೇರ್’ ಎಂದು ಬಂದು ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಫಾರ್ಮ್ಯಾಟ್ ಮಾಡಿಸದೆ ಬೇರೆ ದಾರಿ ಇಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ಇದೆ. ಮೇಲಿನವರ ತೊಂದರೆಗೂ ನಿಮ್ಮದಕ್ಕೂ ಸಂಬಂಧವಿಲ್ಲ, ಆದ್ದರಿಂದ ಕ್ಯಾಬಿನೆಟ್ ಬಿಚ್ಚುವ ಕೆಲಸಕ್ಕೆ ಕೈಹಾಕಬೇಡಿ. ನಿಮ್ಮ ಯಂತ್ರ ಬಯಾಸ್ ಪರೀಕ್ಷೆಗಳನ್ನು ದಾಟಿ ವಿಂಡೋಸ್ ತನಕ ಬಂದಿದೆ. 2024ರ ಜುಲೈ 19ರಂದು ಸೈಬರ್ ಭದ್ರತೆಯ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಏಳದಾದಾಗಲೂ, ಕನಿಷ್ಠ ಸೌಲಭ್ಯಗಳಷ್ಟೇ ಓಡುವ ಸೇಫ್ ಮೋಡ್‌ನಲ್ಲಿ ಒಂದು ಕಡತ ಅಳಿಸಿದ್ದೇ ಪರಿಹಾರವಾಗಿತ್ತು.

ಮೊದಲು ಡಿಸ್ಕಿನ ಬಳಿ ಕಿವಿಯಿಟ್ಟು ಕೇಳಿ. ‘ಟಿಕ್ ಟಿಕ್’ ಎಂದು ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ತಕ್ಷಣ ಆರಿಸಿ, ಮುಂದೆ ಏನನ್ನೂ ಪ್ರಯೋಗಿಸದೆ ದತ್ತಾಂಶ ಹೊರತೆಗೆಯುವ ಪರಿಣತರಿಗೆ ಒಪ್ಪಿಸಿ. ಅಂಥ ಶಬ್ದವಿಲ್ಲದಿದ್ದರೆ, ರಿಪೇರ್ ಪರದೆಯಲ್ಲಿ ಟ್ರಬಲ್‌ಶೂಟ್, ಅಲ್ಲಿಂದ ಅಡ್ವಾನ್ಸ್ಡ್ ಆಪ್ಷನ್ಸ್ ಎಂಬಲ್ಲಿಗೆ ಹೋಗಿ, ಇತ್ತೀಚೆಗೆ ಬಂದ ಅಪ್‌ಡೇಟನ್ನು ತೆಗೆದುಹಾಕುವ ಆಯ್ಕೆಯನ್ನು ಮೊದಲು, ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸಿಸ್ಟಮ್ ರಿಸ್ಟೋರನ್ನು ಆಮೇಲೆ ಪ್ರಯತ್ನಿಸಿ. ಎರಡೂ ಫಲಿಸದಿದ್ದರೆ, ಇನ್ನೊಂದು ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್‌ಗೆ ವಿಂಡೋಸ್ ಬದಲು ಬಳಸಬಹುದಾದ ಉಬುಂಟು ಎಂಬ ಕಾರ್ಯಾಚರಣೆ ವ್ಯವಸ್ಥೆಯನ್ನು ಹಾಕಿ, ಅದರಿಂದಲೇ ನಿಮ್ಮ ಯಂತ್ರವನ್ನು ಚಾಲೂ ಮಾಡಿ, ‘ಟ್ರೈ’ ಎಂಬ ಆಯ್ಕೆಯನ್ನಷ್ಟೇ ಒತ್ತಿ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಹೊಸದಾಗಿ ವಿಂಡೋಸ್ ಹಾಕಿಸುವ ಮಾತು ಅದಾದ ಮೇಲೆ. ಹಾಕಿಸುವಾಗ ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಒಗ್ಗುತ್ತದೆಯೇ ಎಂದು ಕೇಳಿ, ಏಕೆಂದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಡುವೆ ಎಲ್ಲಿಯಾದರೂ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಕೀಲಿ ಕೇಳಿದರೆ, ಅದು 48 ಅಂಕೆಗಳ ಒಂದು ಸಂಖ್ಯೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಫೋನಿನಿಂದ ಲಾಗಿನ್ ಆಗಿ ನೋಡಿದರೆ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ.